ಕಪಾಟಿನ ಹಾಳೆಯ ಅಡಿಯಲ್ಲಿ ಬರೆದಿಟ್ಟ ತಾರೀಖು

ಹೋದ ತಿಂಗಳು ಅಡುಗೆಮನೆಯ ಮೇಲಿನ ಕಪಾಟನ್ನು ಖಾಲಿ ಮಾಡಿ, ಒಳಗೆ ಹಾಸಿದ್ದ ಅಂಟುಹಾಳೆಯನ್ನು ಕಿತ್ತೆ. ಹಾಳೆ ಕೆಟ್ಟಿರಲಿಲ್ಲ. ಹಲಗೆ ಬಾಗಿತ್ತು, ಅದನ್ನು ಬದಲಿಸಬೇಕಿತ್ತು. ಹಾಳೆ ಮಾತ್ರ ಬಿಡಲು ಒಪ್ಪಲೇ ಇಲ್ಲ. ಉಗುರು ನೋಯುವಷ್ಟು ಹೊತ್ತು ಕೆರೆದ ಮೇಲೆ ಒಂದು ಮೂಲೆ ಎದ್ದಿತು, ಅಲ್ಲಿಂದ ಮೆಲ್ಲಗೆ ಎಳೆಯುತ್ತಾ ಹೋದೆ. ನಡುಮಧ್ಯದಲ್ಲಿ, ಹಲಗೆಯ ಮೇಲೆ ಪೆನ್ಸಿಲ್‌ನಿಂದ ನಾನೇ ಬರೆದಿದ್ದ ತಾರೀಖು ಕಾಣಿಸಿತು: 14-3-2009.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅದೇ ಸುರುಳಿಯಿಂದ ಕತ್ತರಿಸಿದ ಇನ್ನೊಂದು ತುಂಡನ್ನು ಅದೇ ಮಧ್ಯಾಹ್ನ ಒಲೆಯ ಪಕ್ಕದ ಗೋಡೆಗೂ ಅಂಟಿಸಿದ್ದೆ. ಅದು ಹನ್ನೊಂದನೆಯ ತಿಂಗಳಿಗೆ ಕೆಳಗಿನಿಂದ ಮುದುರಿಕೊಂಡು ಕಳಚಿ ಬಿತ್ತು. ಒಂದೇ ಸುರುಳಿ, ಒಂದೇ ಕೈ, ಒಂದೇ ದಿನ. ಕತ್ತಲಲ್ಲಿ ಒಣಗಿದ ಹಲಗೆಯ ಮೇಲೆ ಕೂತ ತುಂಡು ಹದಿನೈದು ವರ್ಷ ದಾಟಿತು. ಬಿಸಿ, ಹಬೆ, ಜಿಡ್ಡುಗಳ ನಡುವೆ ನಿಂತ ತುಂಡು ಒಂದು ವರ್ಷವನ್ನೂ ಮುಟ್ಟಲಿಲ್ಲ.

ಇದನ್ನು ಬರೆಯಲು ಕಾರಣ ನನ್ನ ತಂಗಿಯ ಮಗಳು. ಅವಳು ಬಾಡಿಗೆ ಮನೆಯೊಂದಕ್ಕೆ ಹೋಗಿದ್ದಾಳೆ. ಅಡುಗೆಮನೆಯ ಕಪಾಟಿನ ಬಾಗಿಲುಗಳು ಮಾಸಿವೆ, ಗೋಡೆಯ ಟೈಲುಗಳ ಬಣ್ಣ ಅವಳಿಗೆ ಹಿಡಿಸಿಲ್ಲ. ಅಂಟಿಸುವ ಹಾಳೆ, ಅಂಟಿಸುವ ಟೈಲು, ಅಂಟಿಸುವ ವಾಲ್‌ಪೇಪರ್ ಎಲ್ಲವನ್ನೂ ನೋಡಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದಳು: “ದೊಡ್ಡಮ್ಮ, ಇವು ಎಷ್ಟು ವರ್ಷ ಬಾಳಿಕೆ ಬರುತ್ತವೆ?” ಪೊಟ್ಟಣದ ಮೇಲೆ ಒಂದು ಅಂಕಿ ಬರೆದಿರುತ್ತದೆ, ಅಂಗಡಿಯವರು ಇನ್ನೊಂದು ಹೇಳುತ್ತಾರೆ. ನನ್ನ ಬಳಿ ಇರುವುದು ತಾರೀಖುಗಳು.

ತಾರೀಖು ಬರೆಯುವ ಅಭ್ಯಾಸ ನನ್ನ ಕೆಲಸದಿಂದ ಬಂದದ್ದು. ಇಪ್ಪತ್ತೇಳು ವರ್ಷ ಒಂದು ಗ್ರಂಥಾಲಯದ ಪುಸ್ತಕ ದುರಸ್ತಿ ವಿಭಾಗದಲ್ಲಿದ್ದೆ. ಹರಿದ ಪುಟ ಸೇರಿಸುವುದು, ಬೆನ್ನು ಕಳಚಿದ ಪುಸ್ತಕಕ್ಕೆ ಹೊಸ ರಟ್ಟು ಕಟ್ಟುವುದು, ಹೆಚ್ಚು ಓಡಾಡುವ ಪುಸ್ತಕಗಳಿಗೆ ಪಾರದರ್ಶಕ ಅಂಟುಹಾಳೆಯ ಹೊದಿಕೆ ಹಾಕುವುದು. ದುರಸ್ತಿ ಮಾಡಿದ ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ, ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ, ಪೆನ್ಸಿಲ್‌ನಿಂದ ತಾರೀಖು ಬರೆಯಬೇಕು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ಪುಸ್ತಕ ಮತ್ತೆ ದುರಸ್ತಿಗೆ ಬಂದಾಗ ನಮ್ಮ ಕೆಲಸ ಎಷ್ಟು ದಿನ ನಿಂತಿತು ಎಂಬುದು ಆಗ ತಿಳಿಯುತ್ತದೆ. ಮನೆಯಲ್ಲೂ ಅದೇ ಮಾಡುತ್ತಾ ಬಂದೆ. ಹಾಳೆ ಅಂಟಿಸುವ ಮೊದಲು ಜಾಗದ ನಡುವೆ ತಾರೀಖು. ಅಂಚಿನ ಬಳಿ ಬರೆಯುವುದಿಲ್ಲ, ಅಂಚಿನಲ್ಲಿ ಅಂಟಿನ ಪ್ರತಿ ಚುಕ್ಕೆಯೂ ಬೇಕು. ಒಂದು ನೋಟ್‌ಬುಕ್ಕಿನಲ್ಲಿ ಜಾಗ, ಹಾಳೆಯ ಬಗೆ, ಮೊದಲ ಅಂಚು ಎದ್ದ ದಿನ, ತೆಗೆದ ದಿನ.

ಗ್ರಂಥಾಲಯ ಕಲಿಸಿದ ಇನ್ನೊಂದು ಪಾಠ ಅಂಟಿನದು. ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹರಿದ ಪುಟಕ್ಕೆ ಪಾರದರ್ಶಕ ಟೇಪ್ ಹಚ್ಚಿರುತ್ತಿದ್ದರು. ಮೂವತ್ತು ನಲವತ್ತು ವರ್ಷಗಳ ನಂತರ ಅಂಥ ಪುಸ್ತಕ ನನ್ನ ಮೇಜಿಗೆ ಬಂದಾಗ, ಟೇಪ್ ಒಣ ಎಲೆಯಂತೆ ತಾನಾಗಿ ಉದುರುತ್ತಿತ್ತು. ಅದು ಇದ್ದ ಜಾಗದಲ್ಲಿ ಕಾಗದದೊಳಗೆ ಇಳಿದ ಕಂದು ಕಲೆ ಮಾತ್ರ ಉಳಿದಿರುತ್ತಿತ್ತು. ಸೆಲ್ಲೊಫೇನ್ ಟೇಪ್ ಮಾರುಕಟ್ಟೆಗೆ ಬಂದದ್ದು 1930ರಲ್ಲಿ, ಅದರ ಅಂಟು ರಬ್ಬರ್ ಮೂಲದ್ದು. ರಬ್ಬರ್ ಅಂಟು ಮುಟ್ಟಿದ ಕೂಡಲೇ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಗಾಳಿಯ ಆಮ್ಲಜನಕ ಮತ್ತು ಬೆಳಕು ಅದನ್ನು ಮೊದಲು ಹಳದಿಯಾಗಿಸಿ ಮೆತ್ತಗೆ ಮಾಡುತ್ತವೆ, ಆಮೇಲೆ ಗಡುಸಾಗಿಸಿ ಪುಡಿ ಮಾಡುತ್ತವೆ. ಅಕ್ರಿಲಿಕ್ ಅಂಟಿನ ಸ್ವಭಾವ ಬೇರೆ. ಮೊದಲ ದಿನ ಅದರ ಹಿಡಿತ ಸಾಧಾರಣ, ಆದರೆ ಬೆಳಕನ್ನೂ ಬಿಸಿಯನ್ನೂ ವಯಸ್ಸನ್ನೂ ಬಹಳ ಚೆನ್ನಾಗಿ ತಡೆದುಕೊಳ್ಳುತ್ತದೆ. ಮನೆಗೆ ತರುವ ಹಾಳೆಗಳಲ್ಲೂ ಇದೇ ಎರಡು ಮನೆತನಗಳಿವೆ. ಪೊಟ್ಟಣದ ಮೇಲೆ ಅಂಟಿನ ಬಗೆ ಬರೆದಿದ್ದರೆ ನಾನು ಅದನ್ನು ವಿನ್ಯಾಸಕ್ಕಿಂತ ಮೊದಲು ಓದುತ್ತೇನೆ. ಬಿಸಿಲು ಬೀಳುವ ಜಾಗಕ್ಕೆ ರಬ್ಬರ್ ಅಂಟಿನ ಹಾಳೆಯನ್ನು ಯಾರಾದರೂ ಕೊಂಡರೆ ನನಗೆ ಸಂಕಟವಾಗುತ್ತದೆ.

ತಂಗಿಯ ಮಗಳಿಗೆ ಮೊದಲು ಹೇಳಿದ್ದು ಮೂರು ದಿನಗಳ ಬಗ್ಗೆ. ಈ ಹಾಳೆಗಳ ಹಿಂದಿರುವ ಅಂಟು ಒಣಗಿ ಗಟ್ಟಿಯಾಗುವ ಗೋಂದಿನಂತಲ್ಲ. ಅದು ಕೊನೆಯವರೆಗೂ ಮೆತ್ತಗೇ ಇರುವ, ಬಹಳ ನಿಧಾನವಾಗಿ ಹರಿಯುವ ವಸ್ತು. ಒತ್ತಿದಾಗ ಗೋಡೆಯ ಸಣ್ಣ ಸಣ್ಣ ಏರುತಗ್ಗುಗಳೊಳಗೆ ಅದು ಇಳಿಯತೊಡಗುತ್ತದೆ, ಇಳಿದಷ್ಟೂ ಹಿಡಿತ ಹೆಚ್ಚುತ್ತದೆ. ಅಕ್ರಿಲಿಕ್ ಫೋಮ್ ಟೇಪ್‌ಗಳ ತಯಾರಕರು ಕೊಡುವ ಲೆಕ್ಕ ಹೀಗಿದೆ: ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ 20 ನಿಮಿಷಕ್ಕೆ ಸುಮಾರು ಅರ್ಧ ಬಲ, 24 ಗಂಟೆಗೆ ಸುಮಾರು 90 ಶೇಕಡಾ, 72 ಗಂಟೆಗೆ ಪೂರ್ತಿ. ತೆಳು ಹಾಳೆಗಳ ಅಂಕಿಗಳು ಬಗೆಬಗೆಗೆ ಬದಲಾಗಬಹುದು, ಆದರೆ ನಡತೆ ಅದೇ. ಬೆಳಗ್ಗೆ ಅಂಟಿಸಿ ಸಂಜೆ ಅದೇ ಗೋಡೆಯ ಮುಂದೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದರೆ, ಹಬೆ ಒಳಗೆ ಹೋಗುವುದಕ್ಕೆ ಅಂಚುಗಳಲ್ಲಿ ದಾರಿ ತೆರೆದೇ ಇರುತ್ತದೆ. ಮೂರು ದಿನ ಒರೆಸಬೇಡ, ತೊಳೆಯಬೇಡ, ನೆಲದ ಟೈಲಾದರೆ ಭಾರದ ಮೇಜು ಕುರ್ಚಿ ಎಳೆಯಬೇಡ ಎಂದೆ.

ಚಳಿಯೂ ಇದೇ ಲೆಕ್ಕಕ್ಕೆ ಬರುತ್ತದೆ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚಿನ ಅಂಟುಗಳು ಬಿರುಸಾಗಿ, ಹರಿಯುವುದನ್ನೇ ಮರೆಯುತ್ತವೆ. ಹಾಳೆಯನ್ನೂ ಟೈಲನ್ನೂ ಒಂದೆರಡು ದಿನ ಅದೇ ಕೋಣೆಯಲ್ಲಿ ಇಟ್ಟು, ಆ ಕೋಣೆಯ ಹವೆಗೆ ಹೊಂದಿಕೊಂಡ ಮೇಲೆ ಅಂಟಿಸಬೇಕು. ಅಂಗೈಯಿಂದ ಸವರುವುದು ಸಾಲುವುದಿಲ್ಲ. ಪುಸ್ತಕಕ್ಕೆ ಹೊದಿಕೆ ಹಾಕುವಾಗ ನಾವು ಮೂಳೆಯಿಂದ ಮಾಡಿದ ಚಪ್ಪಟೆ ಕಡ್ಡಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ ಎಳೆಯುತ್ತಿದ್ದೆವು. ಗೋಡೆಗೆ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ, ನೆಲಕ್ಕೆ ಭಾರದ ಉರುಳೆ. ನೆಲ ಹಾಸುವ ವೃತ್ತಿಯವರು ಸುಮಾರು 45 ಕಿಲೋ ತೂಕದ ಉರುಳೆಯನ್ನು ಉರುಳಿಸುತ್ತಾರೆ. ಆ ತೂಕ ಸುಮ್ಮನೆ ಇಟ್ಟದ್ದಲ್ಲ. ಈ ಬಗೆಯ ಅಂಟಿಗೆ ಇಂಗ್ಲಿಷಿನಲ್ಲಿ ‘ಪ್ರೆಷರ್ ಸೆನ್ಸಿಟಿವ್’ ಎಂದು ಹೆಸರು, ಹೆಸರಿನಲ್ಲೇ ‘ಒತ್ತಡ’ ಇದೆ.

ಇನ್ನು ಗೋಡೆ. ನನ್ನ ನೋಟ್‌ಬುಕ್ಕಿನಲ್ಲಿ ಅಕಾಲದಲ್ಲಿ ಹೋದ ಹಾಳೆಗಳ ಮುಂದೆ ಬರೆದ ಕಾರಣಗಳನ್ನು ಎಣಿಸಿದರೆ, ಅರ್ಧಕ್ಕಿಂತ ಹೆಚ್ಚು ಹಾಳೆಯ ತಪ್ಪಲ್ಲ, ಅದರ ಕೆಳಗಿದ್ದದ್ದರ ತಪ್ಪು. ಜನ ವಿನ್ಯಾಸ ಆರಿಸಲು ನಾಲ್ಕು ವಾರ ಕಳೆಯುತ್ತಾರೆ, ಗೋಡೆ ಒರೆಸಲು ನಾಲ್ಕು ನಿಮಿಷ. ಇದು ತಿರುಗುಮುರುಗಾಗಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಹೊಸ ಬಣ್ಣ ಬಳಿದ ಗೋಡೆ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಆದರೆ ಒಳಗಿನಿಂದ ಇನ್ನೂ ಪಕ್ವವಾಗಿರುವುದಿಲ್ಲ. ಕನಿಷ್ಠ ನಾಲ್ಕು ವಾರ ಕಾಯಬೇಕು. ಅವಸರಪಟ್ಟು ಅಂಟಿಸಿದರೆ ಬಣ್ಣದಿಂದ ಹೊರಬರುವ ಆವಿ ಹಾಳೆಯಡಿಯಲ್ಲಿ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ನಾನು ಒಮ್ಮೆ ಎರಡು ವಾರಕ್ಕೇ ಅಂಟಿಸಿದೆ. ಐದನೆಯ ದಿನ ಗೋಡೆಯ ತುಂಬ ಕಡಲೆಕಾಳಿನ ಗಾತ್ರದ ಉಬ್ಬುಗಳು ಎದ್ದಿದ್ದವು. ಹೊಸ ಸಿಮೆಂಟ್ ಗಾರೆ ಇನ್ನೂ ಕಷ್ಟ. ಅದರಲ್ಲಿ ತೇವವೂ ಇರುತ್ತದೆ, ಕ್ಷಾರವೂ ಇರುತ್ತದೆ. ಎರಡೂ ಸೇರಿ ಅಂಟನ್ನು ತಿನ್ನುತ್ತವೆ. ತೇವ ಇದೆಯೋ ಇಲ್ಲವೋ ತಿಳಿಯಲು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪ್ ಹಚ್ಚಿ ಗೋಡೆಗೋ ನೆಲಕ್ಕೋ ಮುಚ್ಚಿಡಿ. ಮಾರನೆಯ ದಿನ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಆ ಜಾಗದ ಬಣ್ಣ ಕಪ್ಪಾಗಿದ್ದರೆ, ಹಾಳೆಯ ಸುರುಳಿಯನ್ನು ಬಿಚ್ಚಲೇಬೇಡಿ. ತೇವದ ಗೋಡೆಗೆ ಗಾಳಿಯಾಡದ ವಿನೈಲ್, ಅಂದರೆ ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಹಾಳೆ, ಮುಚ್ಚುವುದು ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ.

ಹಳೆಯ ಗೋಡೆಯಲ್ಲಿ ಬೇರೆಯದೇ ತೊಂದರೆ. ಅಂಗೈಯಿಂದ ಉಜ್ಜಿದಾಗ ಬಿಳಿ ಪುಡಿ ಹತ್ತಿದರೆ, ನಾವು ಅಂಟಿಸುವುದು ಗೋಡೆಗಲ್ಲ, ಆ ಪುಡಿಗೆ. ಅಂಟು ಪುಡಿಯನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ, ಪುಡಿ ಗೋಡೆಯನ್ನು ಬಿಟ್ಟುಬಿಡುತ್ತದೆ. ಅಂಥಲ್ಲಿ ಒರೆಸಿ, ಪ್ರೈಮರ್ ಬಳಿದು, ಅದು ಪಕ್ವವಾದ ಮೇಲೆ ಮುಂದುವರಿಯಬೇಕು. ಇನ್ನೊಂದು ಸರಳ ಪರೀಕ್ಷೆ: ಒಂದು ಗೇಣು ಟೇಪನ್ನು ಗೋಡೆಗೆ ಗಟ್ಟಿಯಾಗಿ ಒತ್ತಿ, ಒಂದು ದಿನ ಬಿಟ್ಟು ಎಳೆಯಿರಿ. ಟೇಪಿನ ಜೊತೆ ಬಣ್ಣದ ಹಕ್ಕಳೆ ಬಂದರೆ, ನಾಳೆ ಹಾಳೆಯ ಜೊತೆಯಲ್ಲೂ ಅದೇ ಬರುತ್ತದೆ. ಬಾಡಿಗೆ ಮನೆಯವರು ಇದನ್ನು ಮರೆಯದೆ ಮಾಡಬೇಕು, ಏಕೆಂದರೆ ಬಿಡುವಾಗ ಗೋಡೆಗೆ ಲೆಕ್ಕ ಕೊಡಬೇಕಾದವರು ಅವರು.

ಬಣ್ಣದ ಜಾತಿಯೂ ಮುಖ್ಯ. ಕಲೆ ಹಿಡಿಯದಂತೆ, ಸುಲಭವಾಗಿ ತೊಳೆಯುವಂತೆ ಮಾಡಿದ ಕೆಲವು ಬಣ್ಣಗಳ ಮೇಲೆ ಏನೂ ಅಂಟುವುದಿಲ್ಲ. ಅವುಗಳ ಗುಣವೇ ಅದು: ಕಲೆಯನ್ನು ದೂರವಿಡುವ ಮೈ ಅಂಟನ್ನೂ ದೂರವಿಡುತ್ತದೆ. ಗಾಜು, ಲೋಹ, ಹೊಳಪಿನ ಟೈಲು ಇವುಗಳಿಗೆ ಅಂಟು ಹರಡಿಕೊಂಡು ಕೂರುತ್ತದೆ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್‌ನಂಥ ಪ್ಲಾಸ್ಟಿಕ್‌ಗಳ ಮೇಲೆ ಅದು ಸರಿಯಾಗಿ ಹರಡಲು ಒಪ್ಪುವುದಿಲ್ಲ. ನೀರಿನ ಹನಿಯೊಂದನ್ನು ಇಟ್ಟು ನೋಡಿದರೆ ಅಂದಾಜು ಸಿಗುತ್ತದೆ. ಹನಿ ಚಪ್ಪಟೆಯಾಗಿ ಹರಡಿದರೆ ಒಳ್ಳೆಯದು. ಮುತ್ತಿನಂತೆ ಉಬ್ಬಿ ನಿಂತರೆ ಜಿಡ್ಡೋ ಮೇಣವೋ ಸಿಲಿಕೋನೋ ಅಲ್ಲಿದೆ ಎಂದು ಅರ್ಥ. ಜಿಡ್ಡಾದರೆ ತೆಗೆಯಬಹುದು. ಸಾಬೂನು ನೀರಿನಿಂದ ತೊಳೆದು, ಸಾಬೂನಿನ ಅಂಶ ಪೂರ್ತಿ ಹೋಗುವಂತೆ ಬರೀ ನೀರಿನಿಂದ ಒರೆಸಿ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತೊಯ್ಸಿದ ಬಿಳಿ ಬಟ್ಟೆಯಿಂದ ಒಂದು ಸಲ ಒರೆಸಬೇಕು. ಬಿಳಿ ಬಟ್ಟೆ ಏಕೆಂದರೆ ಕೊಳೆ ಕಾಣಬೇಕು. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ನಾನು ನಿಲ್ಲಿಸುವುದಿಲ್ಲ. ಆಲ್ಕೊಹಾಲ್ ಹಚ್ಚುವಾಗ ಕಿಟಕಿ ತೆರೆದಿರಲಿ, ಒಲೆ ಆರಿರಲಿ; ಎಮಲ್ಶನ್ ಬಣ್ಣದ ಗೋಡೆಯಾದರೆ ಮೂಲೆಯಲ್ಲಿ ಪರೀಕ್ಷಿಸಿ ನೋಡಿ, ಬಣ್ಣ ಕರಗುವುದುಂಟು.

ಒರಟು ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹರಳು ಹರಳಾದ ಮೇಲ್ಮೈಯಲ್ಲಿ ಹಾಳೆ ಶಿಖರಗಳನ್ನು ಮಾತ್ರ ಮುಟ್ಟುತ್ತದೆ, ಕಣಿವೆಗಳೆಲ್ಲ ಖಾಲಿ. ಪುಟ್ಟಿ ಹಾಕಿ ನಯ ಮಾಡುವಷ್ಟು ವ್ಯವಧಾನ ಇಲ್ಲದಿದ್ದರೆ ಬಿಟ್ಟುಬಿಡುವುದು ಒಳ್ಳೆಯದು.

ಗೋಡೆ ಸರಿಯಿದ್ದು, ಅಂಟು ಸರಿಯಿದ್ದು, ಒತ್ತಿದ್ದೂ ಸರಿಯಿದ್ದರೆ ಆಮೇಲೆ ಆಯುಷ್ಯವನ್ನು ತೀರ್ಮಾನಿಸುವುದು ಅಂಚು. ಅಂಟಿಸಿದ ಹಾಳೆಯನ್ನು ಅಂಗೈಯಿಟ್ಟು ಪಕ್ಕಕ್ಕೆ ಜಾರಿಸಲು ನೋಡಿ: ಇಡೀ ವಿಸ್ತಾರದ ಅಂಟು ಒಟ್ಟಾಗಿ ಎದುರು ನಿಲ್ಲುತ್ತದೆ, ಕದಲುವುದಿಲ್ಲ. ಈಗ ಒಂದು ಮೂಲೆಯನ್ನು ಉಗುರಿನಿಂದ ಎತ್ತಿ ಸುಲಿಯಿರಿ. ಆಗ ಬಲವೆಲ್ಲ ಕೂದಲೆಳೆಯಷ್ಟು ಸಣ್ಣ ಗೆರೆಯ ಮೇಲೆ ಬೀಳುತ್ತದೆ, ಆ ಗೆರೆ ಸೋತರೆ ಪಕ್ಕದ ಗೆರೆ, ಅದರ ಪಕ್ಕದ್ದು. ಮೂಲೆಯಲ್ಲಿ ಎರಡು ಅಂಚು ಸೇರುವುದರಿಂದ ಸುಲಿಯುವುದು ಅಲ್ಲಿಂದಲೇ ಶುರುವಾಗುತ್ತದೆ. ಆದ್ದರಿಂದ ಚೂಪಾದ ಮೂಲೆ ಇರಬಾರದು. ಒಂದು ನಾಣ್ಯವನ್ನು ಇಟ್ಟು ಅದರ ಸುತ್ತ ಕತ್ತರಿಸಿ ಮೂಲೆಯನ್ನು ದುಂಡಗೆ ಮಾಡಿದರೆ, ಬಟ್ಟೆ ತಾಗಿದಾಗ, ಬೆರಳು ತಾಗಿದಾಗ ಸಿಕ್ಕಿಕೊಳ್ಳುವುದಕ್ಕೆ ತುದಿಯೇ ಇರುವುದಿಲ್ಲ. ಪುಸ್ತಕದ ಹೊದಿಕೆಯಲ್ಲಿ ನಾವು ಹಾಳೆಯನ್ನು ರಟ್ಟಿನ ಅಂಚಿನಲ್ಲಿ ನಿಲ್ಲಿಸದೆ ಒಳಕ್ಕೆ ಎರಡು ಬೆರಳಿನಷ್ಟು ಮಡಚಿ ಅಂಟಿಸುತ್ತಿದ್ದೆವು. ಕಪಾಟಿನ ಬಾಗಿಲಿಗೂ ಅದೇ. ನನ್ನ ಮನೆಯಲ್ಲಿ ಬಾಗಿಲಿನ ಅಂಚಿಗೆ ಸರಿಯಾಗಿ ಕತ್ತರಿಸಿದ ಹಾಳೆ ಎರಡು ವರ್ಷಕ್ಕೆ ಎದ್ದಿತು. ಹಿಂಬದಿಗೆ ಮಡಚಿದ ಹಾಳೆ ಎಂಟನೆಯ ವರ್ಷದಲ್ಲೂ ಹಾಗೇ ಇದೆ. ಮಡಚಿದ ಕಡೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ಒತ್ತಬೇಕು, ಇಲ್ಲದಿದ್ದರೆ ವಿನೈಲ್ ತನ್ನ ಹಳೆಯ ಚಪ್ಪಟೆ ಆಕಾರಕ್ಕೆ ಮರಳಲು ದಿನವೂ ಎಳೆಯುತ್ತಿರುತ್ತದೆ.

ಎಳೆಯುವ ಮಾತು ಬಂದದ್ದರಿಂದ ಕಿಟಕಿ ಪಕ್ಕದ ಹಾಳೆಯ ಕಥೆ ಹೇಳಬೇಕು. ಓದುವ ಮೇಜಿನ ಮೇಲೆ ಮರದ ಗೆರೆಗಳಿರುವ ವಿನೈಲ್ ಹಾಳೆಯನ್ನು ಎರಡು ಪಟ್ಟಿಗಳಾಗಿ ಪಕ್ಕಪಕ್ಕ, ನಡುವೆ ಕೂದಲು ತೂರದಂತೆ ಜೋಡಿಸಿ ಅಂಟಿಸಿದ್ದೆ. ಮೂರು ವರ್ಷದ ಹೊತ್ತಿಗೆ ಜೋಡಣೆಯ ನಡುವೆ ಎರಡು ಮಿಲಿಮೀಟರ್ ಸೀಳು ಬಿಟ್ಟಿತ್ತು, ಅದರೊಳಗೆ ಕಪ್ಪು ಗೆರೆ. ಹಾಳೆ ಜಾರಿರಲಿಲ್ಲ, ಕುಗ್ಗಿತ್ತು. ಕಪ್ಪು ಗೆರೆ ಅಂಟಿಗೆ ಮೆತ್ತಿಕೊಂಡ ಧೂಳು. ವಿನೈಲ್ ಹಾಳೆಗಳನ್ನು ತಯಾರಿಸುವ ಎರಡು ದಾರಿಗಳಿವೆ. ಒಂದರಲ್ಲಿ ಬಿಸಿ ಪಿ.ವಿ.ಸಿ. ಮುದ್ದೆಯನ್ನು ಉರುಳೆಗಳ ನಡುವೆ ಒತ್ತಿ ಎಳೆದು ತೆಳ್ಳಗೆ ಮಾಡುತ್ತಾರೆ. ಇನ್ನೊಂದರಲ್ಲಿ ದ್ರವರೂಪದ ವಿನೈಲನ್ನು ಸುರಿದು ಹರಡಿ ಗಟ್ಟಿಯಾಗಿಸುತ್ತಾರೆ. ಎಳೆದು ಮಾಡಿದ ಹಾಳೆಯೊಳಗೆ ಎಳೆತದ ಬಿಗಿ ಉಳಿದಿರುತ್ತದೆ, ಬಿಸಿ ತಾಗಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಸುರಿದು ಮಾಡಿದ್ದು ಆ ಮಟ್ಟಿಗೆ ಕುಗ್ಗುವುದಿಲ್ಲ, ಆದರೆ ದುಬಾರಿ. ಮನೆಗೆ ಬರುವ ಸಾಮಾನ್ಯ ಸುರುಳಿಗಳೆಲ್ಲ ಬಹುಮಟ್ಟಿಗೆ ಎಳೆದು ಮಾಡಿದವೇ. ಹಾಗಾಗಿ ಈಗ ನಾನು ಎರಡು ಪಟ್ಟಿಗಳನ್ನು ಜೋಡಿಸುವಾಗ ಕೆಲವು ಮಿಲಿಮೀಟರ್ ಒಂದರ ಮೇಲೊಂದು ಬರುವಂತೆ ಬಿಡುತ್ತೇನೆ, ಅಂಟಿಸುವಾಗ ಹಾಳೆಯನ್ನು ಜಗ್ಗುವುದೂ ಇಲ್ಲ. ಜಗ್ಗಿ ಸುಕ್ಕು ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಜಗ್ಗಿದ್ದನ್ನು ಹಾಳೆ ಒಂದಲ್ಲ ಒಂದು ದಿನ ವಾಪಸು ಕೇಳುತ್ತದೆ.

ವಿನೈಲನ್ನು ಮೆತ್ತಗಾಗಿಸಲು ಅದರಲ್ಲಿ ಎಣ್ಣೆಯಂಥ ರಾಸಾಯನಿಕಗಳನ್ನು ಬೆರೆಸಿರುತ್ತಾರೆ, ಅವುಗಳಿಗೆ ಪ್ಲಾಸ್ಟಿಸೈಜರ್ ಎಂದು ಹೆಸರು. ವರ್ಷಗಳು ಕಳೆದಂತೆ ಅವು ಹಾಳೆಯಿಂದ ಹೊರಗೆ ಜಿನುಗುತ್ತವೆ. ಮೇಲಕ್ಕೆ ಹೋದರೆ ಹಾಳೆ ಗಡುಸಾಗಿ ಬಿರಿಯುತ್ತದೆ. ಕೆಳಕ್ಕೆ, ಅಂಟಿನೊಳಕ್ಕೆ ಇಳಿದರೆ ಅಂಟು ಲೋಳೆಯಾಗುತ್ತದೆ. ಬಿಸಿ ಇದನ್ನು ಬೇಗ ಮಾಡಿಸುತ್ತದೆ. ಬಿಸಿಲಿನ ಕಿಟಕಿಯ ಬಳಿ ಬಣ್ಣ ಮಾಸುವುದೂ ಸೇರಿಕೊಳ್ಳುತ್ತದೆ, ಏಕೆಂದರೆ ಸಾಧಾರಣ ಕಿಟಕಿ ಗಾಜು ನೇರಳಾತೀತ ಕಿರಣಗಳಲ್ಲಿ ಚರ್ಮ ಸುಡುವ ಬಗೆಯನ್ನು ಬಹುಪಾಲು ತಡೆದರೂ, ಇನ್ನೊಂದು ಬಗೆಯನ್ನು ಒಳಗೆ ಬಿಡುತ್ತದೆ. ನನ್ನ ಮೇಜಿನ ಹಾಳೆಯ ಮೇಲೆ ಹೂದಾನಿ ಇಟ್ಟಿದ್ದ ಜಾಗದಲ್ಲಿ ಮೂಲ ಬಣ್ಣದ ದುಂಡನೆಯ ಗುರುತು ಉಳಿದಿತ್ತು. ಸುತ್ತಲಿನದೆಲ್ಲ ಎಷ್ಟು ಬಿಳಿಚಿಕೊಂಡಿದೆ ಎಂದು ತಿಳಿದದ್ದು ಹೂದಾನಿ ಎತ್ತಿದಾಗ.

ಒಲೆಯ ಬಳಿಯ ಗೋಡೆಗೆ ನಾನು ಈಗ ಅಂಟುಹಾಳೆ ಹಚ್ಚುವುದಿಲ್ಲ. 2009ರ ಆ ತುಂಡು ಬಿದ್ದದ್ದು ಒಲೆ ಆರಿದ್ದಾಗ. ಉರಿಯುತ್ತಿರುವಾಗ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ. ಜ್ವಾಲೆಗೆ ಹತ್ತಿರದ ಜಾಗದಲ್ಲಿ ಸ್ಟೀಲ್ ತಗಡು, ಗಾಜು, ನಿಜವಾದ ಟೈಲು ಇರಲಿ. ಪಾತ್ರೆ ತೊಳೆಯುವ ಯಂತ್ರದ ಬಾಗಿಲಿನ ಮೇಲಂಚು, ಹಬೆ ಬರುವ ಕೆಟಲ್ ಇಡುವ ಜಾಗದ ಮೇಲಿನ ಕಪಾಟಿನ ತಳ, ಇವೂ ಬೇಗ ಸೋಲುವ ಜಾಗಗಳು. ಕೆಟಲನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದ್ದರಿಂದ ನನ್ನ ಒಂದು ಹಾಳೆ ನಾಲ್ಕು ವರ್ಷ ಹೆಚ್ಚು ಬಾಳಿತು.

ಸಿಂಕಿನ ಸುತ್ತ ನೀರು ಮೇಲಿನಿಂದ ಹಾಳೆಯನ್ನು ಏನೂ ಮಾಡುವುದಿಲ್ಲ, ವಿನೈಲ್ ನೀರು ಹೀರುವುದಿಲ್ಲ. ನೀರು ಕಾಯುವುದು ಅಂಚಿನಲ್ಲಿ. ಅಲ್ಲಿ ಸಿಲಿಕೋನ್ ಸೀಲಂಟಿನ, ಅಂದರೆ ಸಂದು ಮುಚ್ಚುವ ಲೇಪದ, ತೆಳು ಗೆರೆಯೊಂದನ್ನು ಎಳೆದರೆ ಬಾಳಿಕೆ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಆದರೆ ಒಂದು ಎಚ್ಚರ: ಸೀಲಂಟನ್ನು ಹಾಳೆ ಅಂಟಿಸಿದ ಮೇಲೆಯೇ ಹಾಕಬೇಕು. ಮೊದಲೇ ಹಾಕಿ, ಅದರ ಜಿಡ್ಡು ಗೋಡೆಗೆ ಹರಡಿದರೆ ಮುಂದೆ ಅಲ್ಲಿ ಯಾವ ಅಂಟೂ ನಿಲ್ಲುವುದಿಲ್ಲ. ಹಳೆಯ ಟೈಲುಗಳ ಮೇಲೆ ಅಂಟಿಸುವವರು ಟೈಲುಗಳ ನಡುವಿನ ಸಂದುಗಳನ್ನು ತುಂಬಿ ಮಟ್ಟ ಮಾಡಿಕೊಳ್ಳಲಿ. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಹಾಳೆ ಆ ಸಂದುಗಳೊಳಕ್ಕೆ ಇಳಿದು ಹಳೆಯ ಚೌಕಗಳೆಲ್ಲ ಮೇಲೆ ಮೂಡುತ್ತವೆ, ಮತ್ತು ಅವೇ ಸಂದುಗಳು ನೀರು ಓಡಾಡುವ ಕಾಲುವೆಗಳಾಗುತ್ತವೆ.

ನೆಲದ ಟೈಲುಗಳದು ಬೇರೆಯೇ ಲೋಕ. ಅಲ್ಲಿ ಅಂಟಿನ ಜೊತೆ ಸವೆತವೂ ಲೆಕ್ಕಕ್ಕೆ ಬರುತ್ತದೆ. ಮುದ್ರಿತ ಚಿತ್ರದ ಮೇಲೆ ಪಾರದರ್ಶಕ ರಕ್ಷಣಾ ಪದರ ಇರುತ್ತದೆ. ಅದರ ದಪ್ಪ ಅಗ್ಗದವುಗಳಲ್ಲಿ 0.1 ಮಿಲಿಮೀಟರ್ ಆಸುಪಾಸು, ಒಳ್ಳೆಯವುಗಳಲ್ಲಿ 0.3, ಹೆಚ್ಚು ಓಡಾಟದ ಜಾಗಕ್ಕೆ 0.5. ಆ ಪದರ ಸವೆದ ದಿನ ಚಿತ್ರವೂ ಸವೆಯಲು ಶುರು. ಸವೆಸುವುದು ಕಾಲಲ್ಲ, ಕಾಲಿಗಂಟಿದ ಮರಳು. ಬಾಗಿಲ ಬಳಿಯ ಟೈಲುಗಳು ನನ್ನಲ್ಲಿ ಮೂರು ವರ್ಷಕ್ಕೆ ಮಂಕಾದವು, ಅದೇ ಪೆಟ್ಟಿಗೆಯ ಟೈಲುಗಳು ಮಲಗುವ ಕೋಣೆಯಲ್ಲಿ ಒಂಬತ್ತು ವರ್ಷವಾದರೂ ಹೊಳೆಯುತ್ತಿವೆ. ಬಾಗಿಲಿಗೆ ಮ್ಯಾಟ್ ಹಾಕಿ ಎಂದು ಹೇಳಬೇಕು, ಆದರೆ ರಬ್ಬರ್ ತಳದ ಮ್ಯಾಟ್ ಬೇಡ. ರಬ್ಬರ್‌ನಲ್ಲಿರುವ ರಾಸಾಯನಿಕಗಳು ವಿನೈಲ್‌ಗೆ ಇಳಿದು ಹಳದಿ ಕಲೆ ಬಿಡುತ್ತವೆ, ಅದು ಯಾವ ಸಾಬೂನಿಗೂ ಹೋಗುವುದಿಲ್ಲ. ನೆಲ ಮಟ್ಟವಾಗಿರಬೇಕು, ಸಾಮಾನ್ಯವಾಗಿ ಕೇಳುವುದು 3 ಮೀಟರಿಗೆ 5 ಮಿಲಿಮೀಟರ್‌ಗಿಂತ ಹೆಚ್ಚು ಏರುಪೇರು ಇರಬಾರದು ಎಂದು. ಒರೆಸುವ ಬಟ್ಟೆ ಹಿಂಡಿದ್ದಾಗಿರಬೇಕು; ಬಕೆಟ್ ನೀರು ಸುರಿದು ತೊಳೆಯುವ ಅಭ್ಯಾಸ ಇರುವವರು ಈ ಟೈಲುಗಳ ಹತ್ತಿರ ಹೋಗದಿರುವುದೇ ಕ್ಷೇಮ.

ಹಳೆಯ ಸುರುಳಿಯ ಬಗ್ಗೆಯೂ ಒಂದು ಮಾತು. ಉಳಿದ ಸುರುಳಿಯನ್ನು ಅಟ್ಟದ ಮೇಲೆ ಎಸೆದು, ಆರು ವರ್ಷದ ನಂತರ ತೆಗೆದು ಅಂಟಿಸಿದೆ. ಹಿಂದಿನ ಕಾಗದ ಕೆಲವು ಕಡೆ ಬಿಡದೆ ಹರಿಯಿತು, ಅಂಟು ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ತಯಾರಾದ ಒಂದೆರಡು ವರ್ಷದೊಳಗೆ ಬಳಸಿ ಎಂದು ತಯಾರಕರು ಹೇಳುವುದು ತಂಪಾದ, ಒಣಗಿದ ಜಾಗದಲ್ಲಿ ಇಟ್ಟ ಸುರುಳಿಯ ಮಾತು. ಅಟ್ಟದ ಬಿಸಿಯಲ್ಲಿ ಬೆಂದ ಸುರುಳಿಗೆ ಆ ಅವಧಿಯೂ ಸಿಗುವುದಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ತಂಗಿಯ ಮಗಳು ಮತ್ತೆ ಅಂಕಿಗೇ ಬಂದಳು. “ಆದರೂ ದೊಡ್ಡಮ್ಮ, ನಿಮ್ಮ ನೋಟ್‌ಬುಕ್ ಏನು ಹೇಳುತ್ತದೆ?” ಓದಿ ಹೇಳಿದೆ. ಕಪಾಟಿನ ಒಳಗೆ, ಡ್ರಾಯರ್ ಒಳಗೆ: ಹತ್ತು ವರ್ಷಕ್ಕಿಂತ ಮೊದಲು ಒಂದೂ ಹೋಗಿಲ್ಲ. ಕಪಾಟಿನ ಬಾಗಿಲು: ಅಂಚು ಮಡಚಿದ್ದರೆ ಏಳೆಂಟು, ಇಲ್ಲದಿದ್ದರೆ ಎರಡು. ಮಲಗುವ ಕೋಣೆಯ ಗೋಡೆಗೆ ಹಚ್ಚಿದ ಬಟ್ಟೆ ಮೂಲದ ವಾಲ್‌ಪೇಪರ್: ಆರು ವರ್ಷ, ಬೇಸರವಾಗಿ ನಾನೇ ತೆಗೆದೆ. ಬಿಸಿಲಿನ ಮೇಜು: ನಾಲ್ಕು. ಸಿಂಕಿನ ಪಕ್ಕ: ಸೀಲಂಟ್ ಇಲ್ಲದೆ ಒಂದೂವರೆ, ಸೀಲಂಟ್ ಹಾಕಿದ ಮೇಲೆ ನಾಲ್ಕೂವರೆ. ದಿನವೂ ಕೆಲಸ ಮಾಡುವ ಅಡುಗೆ ಕಟ್ಟೆಯ ಮೇಲೆ: ಎರಡು, ಅದೂ ಚಾಕುವಿನ ಗೀರುಗಳಿಂದ. ಇವು ನನ್ನ ಮನೆಯ ಅಂಕಿಗಳು ಮಾತ್ರ, ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಬೇರೆ ಮನೆಗಳಲ್ಲಿ ಬಹಳ ಬದಲಾಗದು ಎಂದು ನಂಬುತ್ತೇನೆ.

ಬಾಡಿಗೆ ಮನೆಯವಳಾದ್ದರಿಂದ ತೆಗೆಯುವ ದಿನದ ಬಗ್ಗೆಯೂ ಹೇಳಲೇಬೇಕಿತ್ತು. ‘ಸುಲಭವಾಗಿ ತೆಗೆಯಬಹುದು’ ಎಂದು ಬರೆದ ಹಾಳೆ ಮೊದಲ ವರ್ಷ ಹಾಗೆಯೇ ಬರುತ್ತದೆ. ಆದರೆ ಅಂಟು ಒಳಗೆ ಇಳಿಯುವುದನ್ನು ನಿಲ್ಲಿಸಿರುವುದಿಲ್ಲ; ಐದಾರು ವರ್ಷಕ್ಕೆ ಅದೇ ಹಾಳೆ ಬಣ್ಣವನ್ನು ಕಚ್ಚಿಕೊಂಡಿರುತ್ತದೆ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡುತ್ತಾ, ಹಾಳೆಯನ್ನು ಗೋಡೆಯಿಂದ ಹೊರಕ್ಕೆ ಎಳೆಯದೆ ಅದರ ಮೇಲೆಯೇ ಹಿಂದಕ್ಕೆ ಮಡಚಿದಂತೆ, ನಿಧಾನವಾಗಿ ಎಳೆಯಬೇಕು. ಹಳೆಯ ಪುಸ್ತಕದ ಟೇಪ್ ತೆಗೆಯುವಾಗ ಒಂದು ಅಂಗುಲಕ್ಕೆ ಹತ್ತು ನಿಮಿಷ ಕೊಟ್ಟಿದ್ದೇನೆ. ಗೋಡೆಗೆ ಅಷ್ಟು ಬೇಡ, ಆದರೆ ಒಂದು ಬಾಗಿಲಿಗೆ ಅರ್ಧ ಗಂಟೆ ಇಟ್ಟುಕೊಳ್ಳಬೇಕು.

ಹೋದ ಭಾನುವಾರ ಅವಳ ಮನೆಗೆ ಹೋದೆ. ಟೇಪ್ ಪರೀಕ್ಷೆಗಾಗಿ ಹಿಂದಿನ ದಿನವೇ ಮೂರು ಕಡೆ ಹಚ್ಚಿಡಲು ಹೇಳಿದ್ದೆ. ಊಟದ ಮೇಜಿನ ಪಕ್ಕದ ಗೋಡೆಯ ಟೇಪ್ ಎಳೆದಾಗ ಬಣ್ಣದ ಹಕ್ಕಳೆ ಜೊತೆಯಲ್ಲೇ ಬಂತು. ಅವಳು ಬಹಳ ಆಸೆಯಿಂದ ಆರಿಸಿದ್ದ ಎಲೆಬಳ್ಳಿಯ ವಾಲ್‌ಪೇಪರ್ ಆ ಗೋಡೆಗೇ ಇತ್ತು. ಅದನ್ನು ಸುತ್ತಿ ತಂಪಾದ ಬೀರುವಿನಲ್ಲಿ ಇಟ್ಟೆವು. ಮನೆಯ ಮಾಲೀಕರು ಗೋಡೆಯನ್ನು ಸರಿಪಡಿಸಿ ಬಣ್ಣ ಬಳಿಸಿಕೊಟ್ಟರೆ, ಒಂದು ತಿಂಗಳು ಬಿಟ್ಟು ನೋಡೋಣ ಎಂದೆ. ಕಪಾಟಿನ ನಾಲ್ಕು ಬಾಗಿಲುಗಳನ್ನು ಬಿಚ್ಚಿ, ಹಿಡಿಗಳನ್ನು ತೆಗೆದು, ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿದೆವು. ಆರು ಬಟ್ಟೆ ಬೇಕಾದವು. ನಾಣ್ಯ ಇಟ್ಟು ಮೂಲೆ ಕತ್ತರಿಸುವುದನ್ನು ಅವಳು ಎರಡನೆಯ ಬಾಗಿಲಿಗೇ ಕಲಿತುಬಿಟ್ಟಳು. ಪ್ರತಿ ಬಾಗಿಲಿನ ನಡುವೆ ತಾರೀಖು ಬರೆಯಲು ಪೆನ್ಸಿಲನ್ನು ಅವಳಿಗೇ ಕೊಟ್ಟೆ.

ನಾಲ್ಕನೆಯ ದಿನ ಫೋನ್ ಮಾಡಿದಳು. ಸಿಂಕಿನ ಕೆಳಗಿನ ಬಾಗಿಲಿನಲ್ಲಿ, ಒಳಕ್ಕೆ ಮಡಚಿದ ತುದಿ ಉಗುರಿನಷ್ಟು ಎದ್ದಿದೆಯಂತೆ. ಬೆಚ್ಚಗೆ ಮಾಡಿ, ಒಂದು ನಿಮಿಷ ಬೆರಳಿಟ್ಟು ಒತ್ತಿ ಹಿಡಿ, ಒಂದು ದಿನ ಮರದ ಕ್ಲಿಪ್ ಹಾಕಿಡು ಎಂದೆ. ನಿನ್ನೆ ಸಂಜೆ ಚಿತ್ರ ಕಳುಹಿಸಿದ್ದಾಳೆ. ತುದಿ ಕೂತಿದೆ, ಕ್ಲಿಪ್ ಮಾತ್ರ ಇನ್ನೂ ತೆಗೆದಿಲ್ಲ.